ಎರಡನೇ ಸದ್ದಿನ ನಂತರ

ಫೆಬ್ರವರಿ 10, ಸೋಮವಾರ

ನಾನು ಪಾಠ ಮಾಡುವ ಆರು ನರ್ಸುಗಳ ಅಂತಿಮ ಪರೀಕ್ಷೆಗೆ ಇನ್ನು ಹದಿನಾರು ದಿನ. ಇವತ್ತಿನಿಂದ ದಿನಚರಿ ಬರೆಯಬೇಕೆಂದು ತೀರ್ಮಾನಿಸಿದ್ದೇನೆ. ಶಿಸ್ತಿಗಾಗಿ ಎಂದು ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ, ಸಂಜೆ ಮನೆಗೆ ಬಂದ ಮೇಲೆ ಮಾತಾಡಿಸುವವರು ಯಾರೂ ಇಲ್ಲ. ಗೋಡೆಯ ಜೊತೆ ಮಾತಾಡಿದರೆ ಜನ ಬೇರೆ ಅರ್ಥ ಮಾಡಿಕೊಳ್ಳುತ್ತಾರೆ.

ನನ್ನ ಕೋರ್ಸಿನ ಬಗ್ಗೆ ಊರಿಗೆಲ್ಲ ವಿವರಿಸಿ ಬಾಯಿ ನೋಯಿಸಿಕೊಂಡಿದ್ದೇನೆ, ಒಂದು ಸಲ ನನಗೇ ವಿವರಿಸಿಕೊಳ್ಳುತ್ತೇನೆ. ವಾರ್ಡಿನಲ್ಲಿ ಐದು ವರ್ಷಕ್ಕಿಂತ ಹೆಚ್ಚು ದುಡಿದ ನರ್ಸುಗಳಿಗೆ ಎರಡು ವರ್ಷದ ತರಬೇತಿ. ಅದು ಮುಗಿದರೆ ಅವರು ರೋಗಿಯನ್ನು ತಾವೇ ಪರೀಕ್ಷಿಸಿ, ಏನಾಗಿದೆಯೆಂದು ತಾವೇ ಬರೆದು, ಸಣ್ಣಪುಟ್ಟದಕ್ಕೆ ತಾವೇ ಔಷಧಿ ಕೊಟ್ಟು, ದೊಡ್ಡದೆನಿಸಿದರೆ ಡಾಕ್ಟರ ಬಳಿಗೆ ಕಳುಹಿಸಬಹುದು. ಅಷ್ಟೇ. ಈ ‘ಅಷ್ಟೇ’ಗೆ ನನಗೆ ಹನ್ನೊಂದು ವರ್ಷ ಹಿಡಿಯಿತು. ನಾನು ಕೆಲಸಕ್ಕೆ ಸೇರಿದಾಗ ರೋಗಿ ಸತ್ತರೂ ನರ್ಸು ‘ಸತ್ತಿದ್ದಾರೆ’ ಎಂದು ಬರೆಯುವಂತಿರಲಿಲ್ಲ. ‘ಉಸಿರಾಟ ಕಂಡುಬರುತ್ತಿಲ್ಲ’ ಎಂದು ಬರೆದು, ಡಾಕ್ಟರು ಬಂದು ಸಾಯಿಸುವವರೆಗೆ ಕಾಯಬೇಕಿತ್ತು.

ಆಸ್ಪತ್ರೆಯ ಆಡಳಿತ ಮಂಡಳಿಯವರು ಸದ್ಯಕ್ಕೆ ಒಂದೇ ಬ್ಯಾಚಿಗೆ ಅನುಮತಿ ಕೊಟ್ಟಿದ್ದಾರೆ. ಮುಂದಿನದು ಏಪ್ರಿಲ್ ಸಭೆಯಲ್ಲಿ ತೀರ್ಮಾನ. ಮಂಡಳಿಯ ಸದಸ್ಯರಾದ ಹೃದಯದ ಡಾಕ್ಟರು ನನ್ನ ಅಂಗಡಿ ಮುಚ್ಚಿಸಲು ಮೊದಲ ದಿನದಿಂದ ಬೀಗ ಹಿಡಿದು ನಿಂತಿದ್ದಾರೆ. ಪರೀಕ್ಷಕರಾಗಿ ಡಾಕ್ಟರೊಬ್ಬರು ಇರಲೇಬೇಕೆಂದು ಅವರು ಪಟ್ಟು ಹಿಡಿದಿದ್ದರು. ನರ್ಸನ್ನು ಅಳೆಯುವವಳು ನರ್ಸೇ ಆಗಿರಬೇಕೆಂದು ನಾನು ಹಿಡಿದೆ. ಗೆದ್ದೆ. ಅಷ್ಟು ಓದಿದ ನರ್ಸು ಸದ್ಯಕ್ಕೆ ನಾನೊಬ್ಬಳೇ ಆದ್ದರಿಂದ ಪರೀಕ್ಷಕಿಯೂ ನಾನೊಬ್ಬಳೇ.

ಗೆದ್ದಾಗಿನಿಂದ ಜನ ದೂರವಾಗಿದ್ದಾರೆ. ಸ್ಟಾಫ್ ರೂಮಿಗೆ ಕಾಲಿಟ್ಟರೆ ಎಲ್ಲರ ದನಿ ತಗ್ಗುತ್ತದೆ. ಗೇಟಿನ ಕಾವಲುಗಾರ ಮೊದಲು ಬಾಯಿ ತುಂಬ ನಮಸ್ಕಾರ ಹೇಳುತ್ತಿದ್ದವನು ಈಗ ಬರೀ ತಲೆಯಾಡಿಸುತ್ತಾನೆ. ಎತ್ತರಕ್ಕೆ ಹೋದವರಿಗೆ ಗಾಳಿ ಜಾಸ್ತಿ ಎಂದುಕೊಂಡು ಸುಮ್ಮನಿದ್ದೇನೆ.

ಫೆಬ್ರವರಿ 16, ಭಾನುವಾರ

ಅಕ್ಕ ಫೋನು ಮಾಡಿ ಬೈದಳು. “ಮೂರು ದಿನದಿಂದ ಮಾಡ್ತಾನೇ ಇದ್ದೀನಿ, ಎತ್ತಲ್ವಲ್ಲೇ! ಇದ್ದೀಯೋ ಇಲ್ವೋ ಅಂತ ಯಾರನ್ನ ಕೇಳಲಿ ನಾನು?”

ನನ್ನ ಫೋನು ರಿಂಗಾಗಿದ್ದರೆ ತಾನೇ ಎತ್ತುವುದು. ಈಗಿನ ಫೋನುಗಳೇ ಹೀಗೆ. ಅದನ್ನೇ ಹೇಳಿದೆ.

“ಅದನ್ನ ಹೇಳೋಕೆ ಅಷ್ಟು ಕಿರುಚಬೇಕಾ? ಪಕ್ಕದ ಊರಲ್ಲಿದ್ದೀನಿ ಕಣೇ, ಪರಲೋಕದಲ್ಲಲ್ಲ.”

ಅಕ್ಕನಿಗೆ ಎಪ್ಪತ್ತಾಗುತ್ತ ಬಂತು. ಸಿಡುಕು ಹೆಚ್ಚಾಗಿದೆ.

ಆಮೇಲೆ ಕೆಳಮನೆಯಾಕೆ ಮೆಟ್ಟಿಲು ಹತ್ತಿ ಬಂದರು. “ನಿಮ್ಮನೇಲಿ ವಾರ್ತೆ ಹಾಕಿದ್ರೆ ನಾವು ಟೀವೀನೇ ಹಾಕಲ್ಲ ಮೇಡಮ್. ನಮಗೆ ಕರೆಂಟು ಉಳಿತಾಯ” ಎಂದು ನಕ್ಕರು. ನಗುತ್ತಲೇ ಚುಚ್ಚುವ ಕಲೆ ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ. ಅವರನ್ನು ಸಾಗಹಾಕಿ ಒಳಗೆ ಬಂದರೆ ಹಾಲು ಉಕ್ಕಿ, ಪಾತ್ರೆ ಸೀದು ಹೋಗಿತ್ತು. ಬರಿಯ ಬ್ರೆಡ್ಡು ತಿಂದೆ.

ಫೆಬ್ರವರಿ 21, ಶುಕ್ರವಾರ

ಆರು ಜನರಲ್ಲಿ ನನ್ನ ಕೈಗೆ ಸಿಗದವಳು ಒಬ್ಬಳೇ, ಇಲ್ಲಿ ಉದ್ದಜಡೆ ಎಂದು ಬರೆಯುತ್ತೇನೆ. ಮೂವತ್ತಮೂರು ವರ್ಷ. ಹನ್ನೊಂದು ವರ್ಷ ವಾರ್ಡಿನಲ್ಲಿದ್ದವಳು. ಕೈ ಚುರುಕು, ಬರವಣಿಗೆ ಚೊಕ್ಕ. ಆದರೆ ಮಾತೆಲ್ಲ ಗಂಟಲಲ್ಲೇ. ಇವತ್ತೂ ಬೈದೆ. “ರೋಗಿ ಎದುರಿಗೆ ಹೀಗೆ ಗೊಣಗಿದ್ರೆ ಅವನು ನಿನ್ನನ್ನ ನಂಬ್ತಾನೇನೇ? ಬಾಯಿ ಬಿಟ್ಟು ಹೇಳು.” ಉಳಿದ ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳ ಮೇಲೆ ಅವರಿಗೆಲ್ಲ ಒಂದು ಬಗೆಯ ಮರುಕ.

ಮರುಕದಿಂದ ಕೆಲಸವಾಗುವುದಿಲ್ಲ. ಹೋಗುವ ಮುಂಚೆ ಆರು ಜನಕ್ಕೂ ನಮ್ಮ ಕೋರ್ಸಿನ ಮೊದಲ ನಿಯಮವನ್ನು ಇನ್ನೊಮ್ಮೆ ಹೇಳಿಸಿದೆ: ಕೇಳಿಸದಿದ್ದನ್ನು ಕೇಳಿಸಿತು ಎಂದು ಬರೆದರೆ ಸೊನ್ನೆ. ಬೇರೆ ತಪ್ಪಿಗೆಲ್ಲ ಕ್ಷಮೆಯಿದೆ, ಇದಕ್ಕಿಲ್ಲ. ಡಾಕ್ಟರಾಗಲು ಓದುವ ಹುಡುಗರು ಫೈಲು ನೋಡಿಕೊಂಡು ಹೋಗಿ ಎದೆಯಲ್ಲಿ ಇಲ್ಲದ ಸದ್ದನ್ನೆಲ್ಲ ಕೇಳಿಸಿಕೊಳ್ಳುವುದನ್ನು ನಾನು ಮೂವತ್ತಾರು ವರ್ಷ ನೋಡಿದ್ದೇನೆ. ನನ್ನವರು ಹಾಗಾಗಬಾರದು.

ಫೆಬ್ರವರಿ 26, ಬುಧವಾರ

ಪರೀಕ್ಷೆ ಮುಗಿಯಿತು. ಐವರು ಪಾಸು. ಉದ್ದಜಡೆ ಫೇಲು.

ಪದ್ಧತಿ ಸರಳ. ಒಬ್ಬೊಬ್ಬರಿಗೆ ಒಬ್ಬ ಗೊತ್ತಿಲ್ಲದ ರೋಗಿ, ಮುಚ್ಚಿದ ಫೈಲು, ನಲವತ್ತು ನಿಮಿಷ. ಅವರು ಪರೀಕ್ಷಿಸಿ ಬರೆದ ಮೇಲೆ ನಾನು ಅದೇ ರೋಗಿಯನ್ನು ನೋಡಿ ಎರಡನ್ನೂ ಹೋಲಿಸುತ್ತೇನೆ. ಉದ್ದಜಡೆಗೆ ಸಿಕ್ಕಿದ್ದು ಒಬ್ಬ ದರ್ಜಿ. ಇಸ್ತ್ರಿಪೆಟ್ಟಿಗೆಯಿಂದ ಮುಂಗೈ ಸುಟ್ಟುಕೊಂಡು ಬಂದವನು. ಬೇರೇನೂ ತೊಂದರೆಯಿಲ್ಲದ ಮನುಷ್ಯನೆಂದೇ ಆರಿಸಿಕೊಂಡಿದ್ದೆ. ಆರೋಗ್ಯವಾಗಿರುವವನನ್ನು ಆರೋಗ್ಯವಾಗಿದ್ದಾನೆ ಎಂದು ಬರೆಯುವುದೂ ಒಂದು ಪರೀಕ್ಷೆಯೇ.

ಅವಳು ಗಾಯದ ಬಗ್ಗೆ ಬರೆದದ್ದೆಲ್ಲ ಸರಿಯಾಗಿತ್ತು. ಅದರ ಕೆಳಗೆ ಇದಿತ್ತು: “ಹೃದಯದ ಎರಡನೇ ಸದ್ದಿನ ನಂತರ, ಎದೆಮೂಳೆಯ ಎಡ ಅಂಚಿನಲ್ಲಿ, ರೋಗಿ ಮುಂದಕ್ಕೆ ಬಾಗಿ ಉಸಿರು ಪೂರ್ತಿ ಬಿಟ್ಟು ಹಿಡಿದಾಗ, ಊದಿದಂಥ ಬಹಳ ಮೆಲ್ಲನೆಯ ಸದ್ದು. ಕವಾಟ ಸೋರುತ್ತಿರಬಹುದು. ಸ್ಕ್ಯಾನ್ ಮಾಡಿಸಬೇಕು.”

ಮೂರು ಸಲ ಕೇಳಿದೆ. ಕಿಟಕಿ ಮುಚ್ಚಿಸಿ ಕೇಳಿದೆ. ಲಬ್, ಡಬ್. ಲಬ್, ಡಬ್. ಡಬ್ ಆದ ಮೇಲೆ ಏನೂ ಇಲ್ಲ. ದರ್ಜಿ ಮಾತಿನ ಮಲ್ಲ. “ಎಷ್ಟು ಸಲ ಬಗ್ಗಿಸಿದ್ರೂ ನನ್ನ ಹತ್ರ ಇರೋದು ಒಂದೇ ಹೃದಯ ಮೇಡಮ್” ಎಂದ.

ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದು ‘ಇಲ್ಲ’ ಎಂದು ಬರೆದೆ. ಪಕ್ಕದಲ್ಲಿ ಸೊನ್ನೆ.

“ನನಗೆ ಕೇಳಿಸ್ತು ಮೇಡಮ್” ಎಂದಳು. ಒಂದು ಸಲ, ಅದೂ ನೆಲ ನೋಡುತ್ತ.

“ನನಗೆ ಕೇಳಿಸಲಿಲ್ಲ. ಮೂವತ್ತಾರು ವರ್ಷ ಪಳಗಿದ ಕಿವಿ ಇದು.”

ಅವಳು ಸ್ಟೆತಾಸ್ಕೋಪ್ ಮಡಿಚಿ ಜೇಬಿಗಿಟ್ಟುಕೊಂಡಳು. ದರ್ಜಿಗೆ ಮುಲಾಮು ಕೊಟ್ಟು ಕಳುಹಿಸಿದೆ.

ಫೆಬ್ರವರಿ 27, ಗುರುವಾರ

ಫಲಿತಾಂಶವನ್ನು ಮಂಡಳಿಗೆ ಕಳುಹಿಸಿದೆ. ಹೃದಯದ ಡಾಕ್ಟರು ಕಾರಿಡಾರಿನಲ್ಲಿ ತಾವಾಗಿಯೇ ನಿಂತು, “ಒಬ್ಬರನ್ನ ಫೇಲ್ ಮಾಡಿದ್ದೀರಂತೆ. ಪರವಾಗಿಲ್ಲ, ಕಟ್ಟುನಿಟ್ಟಾಗೇ ಇದ್ದೀರಿ” ಎಂದರು. ಅವರ ಬಾಯಿಂದ ಹೊಗಳಿಕೆ ಬಂದದ್ದು ಇದೇ ಮೊದಲು. ಖುಷಿಯಾಯಿತು. ಖುಷಿಯಾದದ್ದಕ್ಕೆ ಮನೆಗೆ ಬಂದ ಮೇಲೆ ನಾಚಿಕೆಯೂ ಆಯಿತು.

ಮಾರ್ಚ್ 9, ಭಾನುವಾರ

ಹತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ನಡೆಯಲಿಲ್ಲ.

ಉದ್ದಜಡೆ ಹಳೆಯ ವಾರ್ಡಿಗೆ ಹಿಂತಿರುಗಿದ್ದಾಳೆ. ಮೊನ್ನೆ ಮೆಟ್ಟಿಲ ಬಳಿ ಎದುರಾದಳು. ಮುಖ ಎತ್ತಿ ನೋಡಿ, ಏನೂ ಹೇಳದೆ ಹೋದಳು. ಕೋಪವಿರಬೇಕು. ಇರಲಿ. ನನಗೇನು ಊರವರ ಪ್ರೀತಿಯ ಮೇಲೆ ಸಂಬಳ ಕೊಡುತ್ತಾರೆಯೇ.

ಇವತ್ತು ಬೆಳಗಿನಿಂದ ಸಂಜೆಯವರೆಗೆ ಒಂದು ಮನುಷ್ಯ ಧ್ವನಿಯೂ ಕಿವಿಗೆ ಬೀಳಲಿಲ್ಲ.

ಮಾರ್ಚ್ 20, ಗುರುವಾರ

ಹೃದಯದ ಡಾಕ್ಟರಿಂದ ಒಂದು ಕಾಗದ. ಬೆರಳಚ್ಚಾದದ್ದು, ಮೂರೇ ಸಾಲು. ಆ ದರ್ಜಿ ಮೊನ್ನೆ ಉಸಿರು ಕಟ್ಟಿ ಅವರ ವಾರ್ಡಿಗೆ ದಾಖಲಾಗಿದ್ದಾನೆ. ಸ್ಕ್ಯಾನಿನಲ್ಲಿ ಕವಾಟ ಸೋರುವುದು ಕಂಡಿದೆ. ಮೂರು ವಾರದ ಹಿಂದೆ ನಿಮ್ಮಲ್ಲಿ ಎದೆ ಪರೀಕ್ಷಿಸಿದರೆಂದು ರೋಗಿ ಹೇಳುತ್ತಾರೆ. ಆಗ ಏನು ಬರೆಯಲಾಗಿತ್ತು, ದಾಖಲೆ ಕಳುಹಿಸಿ.

ಸ್ಟೆತಾಸ್ಕೋಪನ್ನೇ ದೂರಿದೆ. ಹಳೆಯದು, ಕೊಳವೆ ಬಿರುಕು ಬಿಟ್ಟಿರಬೇಕು. ನೇರ ಅವರ ವಾರ್ಡಿಗೆ ಹೋಗಿ, ಅಲ್ಲಿದ್ದ ಎಲ್ಲರಿಗಿಂತ ಚಿಕ್ಕ ನರ್ಸಿನ ಕೊರಳಿನಿಂದ ಹೊಚ್ಚ ಹೊಸದನ್ನು ತೆಗೆಸಿಕೊಂಡೆ. ದರ್ಜಿ ದಿಂಬಿಗೆ ಒರಗಿ ಕೂತಿದ್ದ. ಮುಖ ಇಳಿದಿತ್ತು. ಬಾಗಿಸಿದೆ, ಉಸಿರು ಬಿಡಿಸಿದೆ. ಲಬ್, ಡಬ್. ಅಷ್ಟೇ.

“ನೀನು ಕೇಳು” ಎಂದು ಆ ಹುಡುಗಿಗೆ ಕೊಟ್ಟೆ. ಅವಳಿಗೆ ನಮ್ಮ ತರಬೇತಿಯ ಗಂಧವೂ ಇಲ್ಲ. ಎಲ್ಲಿ ಇಡಬೇಕೆಂದು ನಾನೇ ತೋರಿಸಿದೆ. ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿ, “ಇದೆ ಮೇಡಮ್. ಆಮೇಲೆ ಉಸ್ ಅಂತ ಬರುತ್ತಲ್ಲ, ಅದೇ ತಾನೇ? ಚೆನ್ನಾಗೇ ಕೇಳಿಸ್ತಿದೆ” ಎಂದಳು.

ಚೆನ್ನಾಗೇ.

“ಕೊನೆಗೂ ಸಿಕ್ತಾ ಮೇಡಮ್?” ಎಂದು ದರ್ಜಿ ಕೇಳಿದ. ಅವನಿಗೆ ನಗುವ ಹುರುಪಿನ್ನೂ ಉಳಿದಿತ್ತು. ನಾನು ಅವನ ಹೊದಿಕೆ ಸರಿಮಾಡಿ ಬಂದುಬಿಟ್ಟೆ.

ಮಾರ್ಚ್ 21, ಶುಕ್ರವಾರ

ಉದ್ದಜಡೆಯ ಉತ್ತರ ಪತ್ರಿಕೆ ನನ್ನ ಬೀರುವಿನಲ್ಲಿದೆ. ಕೀಲಿ ನನ್ನೊಬ್ಬಳ ಹತ್ತಿರ. ಪ್ರಾಯೋಗಿಕ ಪರೀಕ್ಷೆಯ ಪತ್ರಿಕೆಗಳನ್ನು ತಿಂಗಳು ತುಂಬಿದ ಮೇಲೆ ಹರಿದು ಹಾಕಬಹುದೆಂದು ನಿಯಮವಿದೆ. ತಿಂಗಳು ತುಂಬಲು ಐದು ದಿನ. ನಿಯಮ ಬರೆದವಳೂ ನಾನೇ.

ಇಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ. ಇವತ್ತು ಮಧ್ಯಾಹ್ನ ಆ ಬೀರುವಿನ ಮುಂದೆ ಕುರ್ಚಿ ಹಾಕಿಕೊಂಡು ಬಹಳ ಹೊತ್ತು ಕೂತಿದ್ದೆ. ಪತ್ರಿಕೆ ತೋರಿಸಿದರೆ ಏನಾಗುತ್ತದೆಂದು ಗೊತ್ತು. ಕಿವಿ ಕೇಳದವಳು ಕಿವಿಯ ಪರೀಕ್ಷೆ ನಡೆಸಿದಳು ಎನ್ನುತ್ತಾರೆ. ಉಳಿದ ಐವರ ಫಲಿತಾಂಶವೂ ಅನುಮಾನಕ್ಕೆ ಬೀಳುತ್ತದೆ. ಎರಡನೇ ಬ್ಯಾಚು ಹೋಯಿತು. ಡಾಕ್ಟರು ಮೊದಲಿನಿಂದ ಬಯಸಿದ್ದು ಅವರಿಗೆ ಸಿಗುತ್ತದೆ. ತೋರಿಸದಿದ್ದರೆ ಹೋಗುವುದು ಒಬ್ಬಳ ಸರ್ಟಿಫಿಕೇಟು ಮಾತ್ರ. ಅವಳು ಹೇಗೂ ಬಾಯಿ ಬಿಡುವವಳಲ್ಲ.

ಇಷ್ಟನ್ನು ನಾನೇ ಯೋಚಿಸಿದೆ. ಕೈಬರಹ ನನ್ನದೇ.

ಮಾರ್ಚ್ 24, ಸೋಮವಾರ

ನನ್ನ ಗುರುತು ಯಾರಿಗೂ ಇಲ್ಲದ ಬೇರೆ ಬಡಾವಣೆಯ ಕ್ಲಿನಿಕ್ಕಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಂಡೆ. ಗಾಜಿನ ಕಿಟಕಿಯ ಸಣ್ಣ ಕೋಣೆ. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಗುಂಡಿ. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಪರೀಕ್ಷೆ ಮಾಡುವ ಹುಡುಗಿ ಬಾಗಿಲು ಹಾಕಿಕೊಂಡು ಹೋದಳು. ಕೂತ ಕೂಡಲೇ ಬಹಳ ಮೆಲ್ಲಗೆ ಒಂದು ಸದ್ದು ಬಂತು, ಒತ್ತಿದೆ. ಇನ್ನೊಂದು, ಒತ್ತಿದೆ. ಮತ್ತೊಂದು. ಪರವಾಗಿಲ್ಲ, ಇಷ್ಟೆಲ್ಲ ಕೇಳುತ್ತಿದೆ ಎಂದು ಜೀವ ಬಂದಂತಾಯಿತು.

ಅವಳು ಬಾಗಿಲು ತೆರೆದು ಹತ್ತಿರ ಬಂದು ಹೇಳಿದಳು, “ಅಮ್ಮಾ, ನಾನಿನ್ನೂ ಶುರುನೇ ಮಾಡಿಲ್ಲ.”

ಆರೇಳು ಸಲ ಒತ್ತಿದ್ದೆ. ಕೇಳಿಸದಿದ್ದನ್ನು ಕೇಳಿಸಿತು ಎಂದು.

ಆಮೇಲೆ ನಿಜವಾದ ಪರೀಕ್ಷೆ ನಡೆಯಿತು. ಕಾಗದದ ಮೇಲಿನ ಗೆರೆ ಎರಡೂ ಕಿವಿಗೆ ಜಾರುಬಂಡಿಯಂತೆ ಇಳಿದಿದೆ, ಬಲಗಿವಿಯದು ಹೆಚ್ಚು. ನಾಲ್ಕೈದು ವರ್ಷದಿಂದಲೇ ಹೀಗಿರಬೇಕಂತೆ. ಕಿವಿಗೆ ಯಂತ್ರ ಹಾಕಿಕೊಳ್ಳಬೇಕು, ಅಳತೆಗೆ ಮಾಡಿಸಿ ಬರಲು ಮೂರು ವಾರ.

“ಇಷ್ಟು ವರ್ಷ ಮನೇಲಿ ಯಾರೂ ಹೇಳ್ಲಿಲ್ವಾ ಅಮ್ಮಾ?” ಎಂದು ಕೇಳಿದಳು.

ಮನೆಯಲ್ಲಿ ಯಾರೂ ಇಲ್ಲ ಎಂದೆ. ಅವಳು ರಸೀದಿ ಬರೆಯತೊಡಗಿದಳು. ನನಗೆ ಅಲ್ಲೇ ಅಳು ಬಂತು. ಬಸ್ಸು ಹತ್ತುವವರೆಗೂ ನಿಲ್ಲಲಿಲ್ಲ.

ಮಾರ್ಚ್ 25, ಮಂಗಳವಾರ

ಬೆಳಗ್ಗೆ ಗೇಟಿನಲ್ಲಿ ಕಾವಲುಗಾರನ ಮುಖವನ್ನೇ ನೋಡಿದೆ. ತಲೆಯಾಡಿಸಿದ, ಅದರ ಜೊತೆಗೆ ತುಟಿಯೂ ಅಲ್ಲಾಡಿತು.

“ಏನಪ್ಪಾ ಹೇಳ್ದೆ?”

ಗಾಬರಿಯಾದ. “ನಮಸ್ಕಾರ ಅಂದೆ ಮೇಡಮ್.”

“ದಿನಾ ಅಂತೀಯಾ?”

“ದಿನಾ ಅಂತೀನಲ್ಲ. ನೀವು ದೊಡ್ಡೋರು, ತಲೇಲಿ ನೂರೆಂಟು ಓಡ್ತಿರುತ್ತೆ ಅಂತ ನಾನೇನೂ ಅಂದ್ಕೊಳ್ಳಲಿಲ್ಲ.”

ಹಾಗಾದರೆ ಇನ್ನೂ ಯಾರು ಯಾರಿಗೆ ನಾನು ಉತ್ತರ ಕೊಡದೆ ಹೋಗಿದ್ದೇನೆ? ಸ್ಟಾಫ್ ರೂಮಿನವರು, ಮೆಟ್ಟಿಲ ಬಳಿ ಉದ್ದಜಡೆ, ಮೂರು ದಿನ ಫೋನು ಮಾಡಿದ ಅಕ್ಕ. ಊರೆಲ್ಲ ನನ್ನನ್ನು ಬಿಟ್ಟಿದೆಯೆಂದು ಹಲ್ಲು ಕಚ್ಚಿ ಬದುಕಿದೆ. ಊರಿನವರು ಇವಳಿಗೆಷ್ಟು ಕೊಬ್ಬು ಎಂದುಕೊಂಡಿರಬೇಕು. ದೀಪದ ಬುಡದಲ್ಲಿ ಕತ್ತಲೆ ಎಂಬುದನ್ನು ಹುಡುಗಿಯರಿಗೆ ಎಷ್ಟು ಸಲ ಹೇಳಿದ್ದೇನೋ.

ಬೀರು ತೆರೆದು ಪತ್ರಿಕೆ ತೆಗೆದೆ. ನನ್ನ ಕಿವಿಯ ರಿಪೋರ್ಟನ್ನೂ ಅದಕ್ಕೆ ಲಗತ್ತಿಸಿ ಹೃದಯದ ಡಾಕ್ಟರಿಗೆ ಕಳುಹಿಸಿದೆ, ಇನ್ನೊಂದು ಪ್ರತಿ ಮಂಡಳಿಗೆ. ಧೈರ್ಯದಿಂದ ಕಳುಹಿಸಿದೆನೆಂದು ಬರೆದುಕೊಂಡರೆ ಸುಳ್ಳಾಗುತ್ತದೆ.

ಮಾರ್ಚ್ 30, ಭಾನುವಾರ

ಉದ್ದಜಡೆಯ ಮನೆಗೆ ಹೋಗಿದ್ದೆ. ಎರಡು ಕೋಣೆಯ ಮನೆ, ಎಲ್ಲ ಒಪ್ಪವಾಗಿತ್ತು. ಮಗಳು ಮೇಜಿನ ಮೇಲೆ ಪುಸ್ತಕ ಹರಡಿಕೊಂಡಿದ್ದಳು, ಆಕೆಯನ್ನು ತಾಯಿ ಒಳಗೆ ಕಳುಹಿಸಿದರು.

“ನನ್ನ ಎಡಗಡೆ ಕೂತ್ಕೊಳ್ಳಿ, ಆ ಕಿವಿ ಸ್ವಲ್ಪ ವಾಸಿ” ಎಂದೆ. ಕೂತರು. ನಡೆದದ್ದೆಲ್ಲ ಹೇಳಿ, “ನಿಮಗೆ ಅನ್ಯಾಯ ಮಾಡ್ದೆ. ಕ್ಷಮಿಸಿ” ಎಂದೆ. ಈ ಮಾತನ್ನು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರೂ ಬಾಯಿಗೆ ಬರುವಾಗ ಒಡೆದು ಬಂತು.

ಅವರು ನನ್ನ ಕಡೆ ತಿರುಗಿ ಗಟ್ಟಿಯಾಗಿಯೇ ಹೇಳಿದರು.

“ತಪ್ಪು ನಂದೂ ಇದೆ ಮೇಡಮ್. ನೀವು ಇಲ್ಲ ಅಂದ ತಕ್ಷಣ ಸುಮ್ಮನಾಗಿಬಿಟ್ಟೆ. ಫೇಲಾಗಿದ್ದಕ್ಕಲ್ಲ ನನಗೆ ಹೊಟ್ಟೆ ಉರಿದಿದ್ದು. ಆ ಮನುಷ್ಯ ಅಲ್ಲೇ ಕೂತಿದ್ದ. ಮಾರನೇ ದಿನ ಅವನ ಅಂಗಡಿಗೆ ಹೋದೆ, ಒಂದು ಸ್ಕ್ಯಾನ್ ಮಾಡಿಸ್ಕೊಳ್ಳಪ್ಪಾ ಅಂತ ಹೇಳಬೇಕು ಅಂತ. ಹೋಗಿ ನಿಂತ್ರೆ ನಿಮ್ಮ ಕೆಂಪು ಗೆರೆನೇ ಕಣ್ಣೆದುರಿಗೆ. ಏನು ಬೇಕಮ್ಮ ಅಂದ. ಕುಪ್ಪಸಕ್ಕೆ ಒಂದು ಗುಂಡಿ ಹಾಕಿಸ್ಕೊಂಡು ಬಂದೆ.”

ಕೇಳುವುದನ್ನು ಎರಡು ವರ್ಷ ಕಲಿಸಿದ್ದೇನೆ. ‘ಇಲ್ಲ ಮೇಡಮ್, ಇನ್ನೊಬ್ಬರನ್ನ ಕರೆಸಿ’ ಎಂದು ನನ್ನ ಮುಖಕ್ಕೆ ಹೇಳುವುದನ್ನು ಒಂದು ದಿನವೂ ಕಲಿಸಲಿಲ್ಲ. ಹಾಗೆ ಹೇಳಿದವರನ್ನು ಗದರಿಸಿ ಕೂರಿಸಿದ್ದೂ ಉಂಟು.

ಎಂಟನೇ ತಾರೀಕಿನ ಸಭೆಗೆ ನನ್ನ ಜೊತೆ ಬನ್ನಿ ಎಂದು ಕರೆದೆ. ವಾರ್ಡಿನಲ್ಲಿ ಪಾಳಿ ಬದಲಿಸಿಕೊಂಡು ಬರುತ್ತೇನೆಂದರು. ಟೀ ಕೊಟ್ಟರು. ಕುಡಿದು ಬಂದೆ. ಮನೆಗೆ ಬಂದು ಅಕ್ಕನಿಗೆ ನಾನೇ ಫೋನು ಮಾಡಿ ಕಿವಿಯ ವಿಷಯ ಹೇಳಿದೆ. “ಅಯ್ಯೋ ಮುಂಡೇದೇ, ನಾನು ನಿನಗೆ ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆನಲ್ಲೇ” ಎಂದು ಅಳತೊಡಗಿದಳು.

ಏಪ್ರಿಲ್ 8, ಮಂಗಳವಾರ

ದರ್ಜಿಗೆ ಹೋದ ವಾರ ಆಪರೇಷನ್ ಆಯಿತು, ಹುಷಾರಾಗುತ್ತಿದ್ದಾನೆ. ಅದನ್ನು ಮೊದಲು ಬರೆಯಬೇಕು.

ಸಭೆ ಹನ್ನೊಂದಕ್ಕೆ. ಉದ್ದ ಮೇಜು, ಒಂಬತ್ತು ಜನ. ಕಿವಿಯ ಯಂತ್ರ ಇನ್ನೂ ಬಂದಿಲ್ಲ. ನಾನು ಹೇಳಬೇಕಾದ್ದನ್ನು ಬರೆದುಕೊಂಡು ಹೋಗಿ ಓದಿದೆ. ರೋಗಿಯ ಎದೆಯಲ್ಲಿ ಸದ್ದಿತ್ತು. ಇವರಿಗೆ ಕೇಳಿಸಿತು, ನನಗೆ ಕೇಳಿಸಲಿಲ್ಲ. ‘ಕೇಳಿಸಲಿಲ್ಲ’ ಎಂದು ಬರೆಯಬೇಕಾದ ಕಡೆ ‘ಇಲ್ಲ’ ಎಂದು ಬರೆದೆ. ಪಾಸಾದ ಐವರನ್ನು ಬೇಕಿದ್ದರೆ ಬೇರೆಯವರು ಮತ್ತೆ ಪರೀಕ್ಷಿಸಲಿ. ಇವರ ಸೊನ್ನೆಯನ್ನು ಮಾತ್ರ ಇವತ್ತೇ ತೆಗೆಯಿರಿ.

ತೆಗೆದರು. ಐವರನ್ನೂ ಮತ್ತೆ ನೋಡುವುದು ಬೇಡವೆಂದರು. ಅಲ್ಲಿಯವರೆಗೆ ಸರಿಯಿತ್ತು. ಆಮೇಲೆ ಅಧ್ಯಕ್ಷರು, ಅವರದು ದಪ್ಪ ದನಿ, ಅದಕ್ಕೇ ನನಗೆ ಕೇಳಿಸಿತು, “ಎರಡನೇ ಬ್ಯಾಚ್ ಮಾಡೋಣ, ಆದ್ರೆ ಇನ್ಮೇಲೆ ಪರೀಕ್ಷಕರು ಡಾಕ್ಟರೇ. ಮೇಡಮ್ ಕೂಡ ಇದಕ್ಕೆ ಒಪ್ಪಬೇಕಾಗುತ್ತೆ, ಅಲ್ವಾ?” ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಏನು ಹೇಳಲಿ? ಹನ್ನೊಂದು ವರ್ಷ ಕಾದುಕೊಂಡಿದ್ದ ಒಂದೇ ಬಾಗಿಲನ್ನು ನನ್ನ ಕೈಯಾರೆ ತೆರೆದುಕೊಟ್ಟಿದ್ದೆ. ತಲೆ ತಗ್ಗಿಸಿದೆ.

ತಲೆ ಎತ್ತಿದಾಗ ಉದ್ದಜಡೆ ಎದ್ದು ನಿಂತಿದ್ದರು. ನನಗೆ ಕಂಡದ್ದು ಬೆನ್ನು ಮಾತ್ರ. ಏನೋ ಹೇಳಿದರು. ಅಧ್ಯಕ್ಷರು ನಕ್ಕು ಏನೋ ಕೇಳಿದರು, ಒಂದಿಬ್ಬರು ಜೊತೆಗೆ ನಕ್ಕರು. ಇವರು ಮತ್ತೆ ಹೇಳಿದರು, ಚಿಕ್ಕದು, ಒಂದೆರಡು ಮಾತು. ನಗು ನಿಂತಿತು. ಅಧ್ಯಕ್ಷರ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತ್ತು. ಹೃದಯದ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ಬದುಕಿನ ಕೆಲಸದ ಬಗ್ಗೆ ಆ ಕೋಣೆಯಲ್ಲಿ ಏನೋ ತೀರ್ಮಾನವಾಗುತ್ತಿತ್ತು, ನಾನು ಗಾಜಿನ ಆಚೆ ನಿಂತವಳಂತೆ ಮುಖಗಳನ್ನು ನೋಡುತ್ತ ಕೂತಿದ್ದೆ. ಅಷ್ಟು ಒಂಟಿಯಾಗಿ ಯಾವತ್ತೂ ಕೂತಿಲ್ಲ.

ಕೊನೆಗೆ ಗುಮಾಸ್ತೆ ನಿರ್ಣಯದ ಹಾಳೆಯನ್ನು ನನ್ನ ಮುಂದಿಟ್ಟಳು. ಎರಡನೇ ಬ್ಯಾಚಿಗೆ ಅನುಮತಿ. ಪರೀಕ್ಷಕರು ಇಬ್ಬರು: ಒಬ್ಬ ಡಾಕ್ಟರು, ಮೊದಲ ಬ್ಯಾಚಿನ ಒಬ್ಬ ನರ್ಸು. ಇಬ್ಬರ ಅಭಿಪ್ರಾಯ ಬೇರೆಯಾದರೆ ಮೂರನೆಯವರನ್ನು ಕರೆಸತಕ್ಕದ್ದು. ನಾನು ಪಾಠ ಮಾಡಬಹುದು, ಪರೀಕ್ಷೆ ಮಾಡುವಂತಿಲ್ಲ. ಸಹಿ ಹಾಕಿದೆ.

ಹೊರಗೆ ಬಂದು, “ಏನು ಹೇಳಿದ್ರಿ ಅವರಿಗೆ?” ಎಂದು ಕೇಳಿದೆ. “ಏನಿಲ್ಲ ಮೇಡಮ್, ಇದ್ದಿದ್ದನ್ನ ಹೇಳ್ದೆ” ಎಂದು ನಾಚಿಕೊಂಡು, ಪಾಳಿಗೆ ಹೊತ್ತಾಯಿತೆಂದು ಓಡಿದರು.

ನಾನು ಮೆಟ್ಟಿಲ ಮೇಲೆ ನಿಂತೇ ಇದ್ದೆ. ಹೃದಯದ ಡಾಕ್ಟರು ಇಳಿದು ಹೋಗುತ್ತಿದ್ದವರು ನನ್ನನ್ನು ನೋಡಿ ಎರಡು ಮೆಟ್ಟಿಲು ವಾಪಸು ಹತ್ತಿದರು. ನನ್ನ ಎದುರಿಗೆ, ಬೆಳಕಿಗೆ ಮುಖ ಮಾಡಿ ನಿಂತುಕೊಂಡರು.

“ನಿಮಗೆ ಕೇಳಿಸ್ಲಿಲ್ಲ ಅನ್ಸುತ್ತೆ” ಎಂದು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. “ಡಾಕ್ಟರ ಜೊತೆ ನಮ್ಮ ಬ್ಯಾಚಿನ ನರ್ಸು ಒಬ್ಬರು ಪರೀಕ್ಷಕರಾಗಿ ಇರ್ತಾರೆ ಅಂದ್ರು ಆಯಮ್ಮ. ಸರ್ಟಿಫಿಕೇಟ್ ಬಂದು ಹತ್ತು ನಿಮಿಷ ಆಗಿಲ್ಲ, ಆಗ್ಲೇ ಪರೀಕ್ಷಕರಾ ಅಂತ ಅಧ್ಯಕ್ಷರು ನಕ್ಕರು. ಅದಕ್ಕೆ ಆಕೆ, ‘ಆ ದರ್ಜಿ ಎದೆ ಕೇಳ್ದಾಗ್ಲೂ ನನ್ನ ಹತ್ರ ಸರ್ಟಿಫಿಕೇಟ್ ಇರ್ಲಿಲ್ಲ ಸರ್. ನಮ್ಮ ಮೇಡಮ್ ಹೇಳಿಕೊಟ್ಟಿದ್ದು ಇತ್ತು’ ಅಂದ್ರು.”

ಒಂದಕ್ಷರವೂ ಬಿಡದೆ ಕೇಳಿಸಿತು. ಆದರೂ, “ಇನ್ನೊಂದು ಸಲ ಹೇಳ್ತೀರಾ ಡಾಕ್ಟ್ರೇ?” ಎಂದೆ.